ರಾಯಚೂರಿನ ಬೇಸಿಗೆಯಲ್ಲಿ ಬಿಗೋನಿಯಾ: ಕೂಲರ್ ಇರುವ ಕೋಣೆಯಲ್ಲೇ ಇಡಿ

ಬಣ್ಣದ ಎಲೆಯ ರೆಕ್ಸ್ ಬಿಗೋನಿಯಾ ಮೂಲತಃ ಅಸ್ಸಾಂ ಕಡೆಯ ಕಾಡಿನದು. ನೆರಳು, ತಂಪು, ಪಸೆಯಿರುವ ಗಾಳಿ ಅದಕ್ಕೆ ಬೇಕು. ನಮ್ಮ ರಾಯಚೂರಲ್ಲಿ ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುವ ಒಣ ಬಿಸಿಲು. ಆದರೂ ನಮ್ಮ ಪಡಸಾಲೆಯಲ್ಲಿ ಗಿಡ ಚೆನ್ನಾಗಿದೆ. ಕೂಲರ್ ಪುಣ್ಯ!

ಎಸಿ ಹಾಕಿದರೆ ಕೋಣೆಯ ಗಾಳಿ ಒಣಗುತ್ತದೆ. ಕೂಲರ್ ಒದ್ದೆ ಪ್ಯಾಡಿನ ಮೂಲಕ ಗಾಳಿ ಎಳೆಯುವುದರಿಂದ ತಂಪಿನ ಜೊತೆ ಪಸೆಯೂ ಬರುತ್ತದೆ. ನಮಗೆ ಮೈ ಅಂಟಂಟು ಅನಿಸುವ ಆ ಗಾಳಿಯೇ ಬಿಗೋನಿಯಾಕ್ಕೆ ಇಷ್ಟ. ಆದರೆ ಕೂಲರಿನ ಎದುರಿಗೆ ಇಡಬೇಡಿ, ಪಕ್ಕದ ಮೂಲೆಯಲ್ಲಿಡಿ. ಪೂರ್ವ ಇಲ್ಲವೇ ಉತ್ತರದ ಕಿಟಕಿಯ ಬೆಳಕು ಸಾಕು. ಪಶ್ಚಿಮದ ಸಂಜೆ ಬಿಸಿಲು ಎಲೆಗೆ ಬಿತ್ತೋ, ಮುಗೀತು.

ಇಲ್ಲಿ ಈ ಗಿಡ ಸಾಯುವುದು ಹೆಚ್ಚಾಗಿ ನಮ್ಮ ಪ್ರೀತಿಯಿಂದಲೇ. ಗಾಳಿ ಒಣಗಿದಾಗ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗುತ್ತದೆ. ಅದನ್ನು ನೋಡಿದ ಕೂಡಲೇ ನಮ್ಮ ಅತ್ತೆ, "ಗಿಡ ಒಣಗಾಕತ್ತೈತಿ, ಒಂದ್ ತಂಬಿಗಿ ನೀರ ಹಾಕವ್ವ" ಅಂತಾರೆ. ಹಾಕಬಾರದು. ರೆಕ್ಸ್‌ನ ದಪ್ಪ ಕಾಂಡ ಶುಂಠಿಯಂತೆ ಮಣ್ಣಿನ ಮೇಲೇ ತೆವಳುತ್ತದೆ, ಬೇರು ಆಳಕ್ಕೆ ಹೋಗುವುದಿಲ್ಲ. ನೀರು ನಿಂತರೆ ಆ ಕಾಂಡವೇ ಕೊಳೆಯುತ್ತದೆ. ಬೆರಳನ್ನು ಮೊದಲ ಗೆಣ್ಣಿನ ತನಕ ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ಮಾತ್ರ ನೀರು. ಮಣ್ಣು ಹಸಿಯಿದ್ದೂ ಎಲೆ ಜೋತುಬಿದ್ದಿದ್ದರೆ ಕೊಳೆತ ಶುರುವಾಗಿರಬಹುದು, ಕುಂಡದಿಂದ ಬಿಡಿಸಿ ಬೇರು ನೋಡಿ. ಎಲೆ ಮೇಲೆ ನೀರು ಸಿಂಪಡಿಸುವುದೂ ಬೇಡ. ಎಲೆಗೆ ರೋಗ ಬರಬಹುದು. ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ಕಲ್ಲು ಮುಳುಗದಷ್ಟು ನೀರು ಹಾಕಿ, ಅದರ ಮೇಲೆ ಕುಂಡ ಇಡಿ.

ಕೂಲರ್ ಪ್ಯಾಡಿಗೆ ಬಿಳಿ ಪೊರೆ ಕಟ್ಟುತ್ತದಲ್ವಾ? ಬೋರಿನ ನೀರಿನ ಆ ಉಪ್ಪೇ ಮಣ್ಣಿನ ಕುಂಡದ ಹೊರಮೈಯಲ್ಲೂ ಬೆಳ್ಳಗೆ ಕಾಣುತ್ತದೆ. ಅದು ಹೆಚ್ಚಾದರೂ ಎಲೆಯ ಅಂಚು ಸುಡುತ್ತದೆ. ಮಳೆನೀರು ಹಿಡಿದಿಟ್ಟರೆ ಬಹಳ ಒಳ್ಳೆಯದು, ಇಲ್ಲದಿದ್ದರೆ ಉಪ್ಪು ತೆಗೆಯುವ ಆರ್‌ಒ ಫಿಲ್ಟರಿನ ನೀರು.

ನಮ್ಮ ಎರೆಮಣ್ಣು ಕುಂಡಕ್ಕೆ ಬೇಡವೇ ಬೇಡ, ಹತ್ತಿಗೆ ಇರಲಿ. ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು. ಪರ್ಲೈಟ್ ಸಿಗದಿದ್ದರೆ ರೈಸ್ ಮಿಲ್ಲಿನಲ್ಲಿ ಸುಟ್ಟು ಕರಿಯಾದ ಭತ್ತದ ಹೊಟ್ಟು ನಡೆಯುತ್ತದೆ, ಸಿಂಧನೂರು ಕಡೆಯವರಿಗೆ ಅದಕ್ಕೇನು ಬರ! ಆದರೆ ಅದರಲ್ಲಿ ಕ್ಷಾರ ಇರುತ್ತದೆ, ಬಿಗೋನಿಯಾಕ್ಕೆ ಸ್ವಲ್ಪ ಹುಳಿ ಮಣ್ಣು ಬೇಕು. ಎರಡು ಮೂರು ಸಲ ಚೆನ್ನಾಗಿ ತೊಳೆದು, ಸ್ವಲ್ಪವೇ ಸೇರಿಸಿ. ಕುಂಡ ಅಗಲವಾಗಿದ್ದು, ಆಳ ಕಡಿಮೆ ಇರಲಿ.

ಮರಿ ಮಾಡುವುದಕ್ಕೆ ಮಳೆಗಾಲವೇ ಸರಿ. ಬಲಿತ, ಆದರೆ ಮುದಿಯಾಗದ ಒಂದು ಎಲೆ ಕಿತ್ತು ಮಗುಚಿ ಹಿಡಿಯಿರಿ. ಹಿಂಬದಿಯಲ್ಲಿ ಉಬ್ಬಿದ ದಪ್ಪ ನರಗಳು ಕಾಣುತ್ತವೆ. ಹೊಸ ಬ್ಲೇಡಿನಿಂದ ಅವನ್ನು ನಾಲ್ಕೈದು ಕಡೆ ಅಡ್ಡ ಕೊಯ್ಯಿರಿ. ಕೊಯ್ದ ಬದಿ ಕೆಳಗಾಗುವಂತೆ ಹಸಿ ಕೊಕೊಪೀಟ್ ಮೇಲೆ ಹಾಸಿ, ನರ ಮಣ್ಣಿಗೆ ತಾಗುವಂತೆ ಸಣ್ಣ ಬೆಣಚು ಹೇರಿ. ಸ್ವೀಟ್ ಅಂಗಡಿಯ ಪಾರದರ್ಶಕ ಡಬ್ಬಿ ಮುಚ್ಚಿಟ್ಟರೆ ಸಾಕು. ಒಂದೆರಡು ತಿಂಗಳಲ್ಲಿ ಕೊಯ್ದ ಜಾಗದಿಂದ ಉಗುರಿನಷ್ಟು ಎಲೆಗಳು ಏಳುತ್ತವೆ, ಆಗಲೇ ಬಣ್ಣ ಹೊತ್ತು! ಚುಕ್ಕೆ ಎಲೆಯ ಮ್ಯಾಕುಲಾಟಾ ಎಂಬ ಇನ್ನೊಂದು ಬಗೆಯ ಬಿಗೋನಿಯಾಕ್ಕೆ ಇದೆಲ್ಲ ಬೇಡ, ಗೆಣ್ಣಿರುವ ಕಡ್ಡಿ ಕತ್ತರಿಸಿ ನೆಟ್ಟರೆ ಚಿಗುರುತ್ತದೆ.

ಬೆಕ್ಕು ಎಲೆ ಕಚ್ಚದಂತೆ ನೋಡಿಕೊಳ್ಳಿ, ಅದಕ್ಕೆ ಇದು ವಿಷ. ಹೊಸ ಗಿಡ ತರುವುದಾದರೆ ಜುಲೈ ನಂತರ ತನ್ನಿ. ನರ್ಸರಿಯ ಪಾಲಿಹೌಸಿನಲ್ಲಿ ಬೆಳೆದದ್ದು ಮನೆಗೆ ಬಂದ ಮೇಲೆ ಒಂದೆರಡು ಎಲೆ ಉದುರಿಸುತ್ತದೆ. ಗಾಬರಿಯಾಗಿ ಕುಂಡ ಬದಲಿಸಬೇಡಿ. ಹೊಸ ಚಿಗುರು ಬರುವ ತನಕ ಗೊಬ್ಬರವೂ ಬೇಡ.