ಯುಕುಲೇಲೆಯ ಸಸ್ಪೆಂಡೆಡ್ ಕಾರ್ಡುಗಳನ್ನು ನಾನು ಕಲಿತ ಬಗೆ

ಮೈಸೂರಿನಲ್ಲಿ ಚಿಕ್ಕಂದಿನಿಂದ ವೀಣೆ ನುಡಿಸುತ್ತ ಬಂದ ನನಗೆ, ಪುಟ್ಟ ಗಿಟಾರಿನಂಥ ನಾಲ್ಕು ತಂತಿಯ ವಾದ್ಯವಾದ ಯುಕುಲೇಲೆಯ ಸಸ್ಪೆಂಡೆಡ್ ಕಾರ್ಡುಗಳು ಸ್ವರಸ್ಥಾನಗಳ ಮೂಲಕವೇ ಅರ್ಥವಾದವು. ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಕೆಲವು ಸ್ವರಗಳ ಗುಂಪು. ಪಾಶ್ಚಾತ್ಯ ಪದ್ಧತಿಯ ಸಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಸಿ ಮೇಜರ್ ಕಾರ್ಡಿನಲ್ಲಿರುವುದು ಷಡ್ಜ, ಅಂತರ ಗಾಂಧಾರ ಮತ್ತು ಪಂಚಮ. ಗಾಂಧಾರದ ಜಾಗಕ್ಕೆ ಶುದ್ಧ ಮಧ್ಯಮ ಬಂದರೆ ಅದು ಸಸ್4 (ಸಸ್ ಎಂದರೆ ಸಸ್ಪೆಂಡೆಡ್), ಚತುಶ್ರುತಿ ರಿಷಭ ಬಂದರೆ ಸಸ್2. ಮೇಜರ್ ಯಾವುದು, ಮೈನರ್ ಯಾವುದು ಎಂಬುದನ್ನು ನಿರ್ಧರಿಸುವ ಸ್ವರ ಗಾಂಧಾರವೇ ಆದ್ದರಿಂದ, ಅದಿಲ್ಲದ ಈ ಕಾರ್ಡುಗಳು ಎರಡು ಪಕ್ಷಕ್ಕೂ ಸೇರುವುದಿಲ್ಲ.

ಜಿ, ಸಿ, ಇ, ಎ ಎಂದು ಶ್ರುತಿ ಮಾಡಿದ ವಾದ್ಯದಲ್ಲಿ, ಎ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ (ವೀಣೆಯ ಮೆಟ್ಟಿನಂಥದು) ಉಂಗುರಬೆರಳನ್ನು ಕದಲಿಸದೆ ಇರಿಸಿ, ಇ ತಂತಿಯ ಮೊದಲ ಫ್ರೆಟ್ಟನ್ನು ತೋರುಬೆರಳಿನಿಂದ ಒತ್ತಿದರೆ ಸಿ ಸಸ್4 ನುಡಿಯುತ್ತದೆ. ಆ ಬೆರಳನ್ನು ಎತ್ತಿದರೆ ಸಿ ಮೇಜರ್. ಆದಿತಾಳ ಹಾಕಿಕೊಂಡು ಮೊದಲ ನಾಲ್ಕು ಎಣಿಕೆಗೆ ಸಸ್4, ಉಳಿದ ನಾಲ್ಕಕ್ಕೆ ಮೇಜರ್ ಎಂದು ನಿಧಾನವಾಗಿ ಸ್ಟ್ರಮ್ ಮಾಡಿದೆ, ಅಂದರೆ ನಾಲ್ಕೂ ತಂತಿಗಳನ್ನು ಒಟ್ಟಿಗೆ ಮೀಟಿದೆ. ಮಧ್ಯಮವು ಗಾಂಧಾರಕ್ಕೆ ಇಳಿಯುವುದನ್ನು ಕಿವಿ ನಿರೀಕ್ಷಿಸತೊಡಗಿದ ಮೇಲೆ ಬೆರಳಿಗೆ ಬೇರೆ ಪಾಠ ಬೇಕಾಗಲಿಲ್ಲ. ತೋರುಬೆರಳನ್ನು ಮಾತ್ರ ಚೆನ್ನಾಗಿ ಬಾಗಿಸಿ ಹಿಡಿಯಬೇಕು, ಇಲ್ಲವಾದರೆ ಪಕ್ಕದ ಎ ತಂತಿ ಮಂಕಾಗುತ್ತದೆ.

ನನಗೆ ಅತ್ಯಂತ ಪ್ರಿಯವಾದದ್ದು ಜಿ ಸಸ್4. ಜಿ ಮೇಜರ್ ಹಿಡಿದಿರುವಾಗಲೇ ಕಿರುಬೆರಳನ್ನು ಎ ತಂತಿಯ ಮೂರನೆಯ ಫ್ರೆಟ್ಟಿಗೆ ಸೇರಿಸಿದರೆ ಸಾಕು, ನಾಲ್ಕು ತಂತಿಗಳಲ್ಲಿ ಸೊನ್ನೆ, ಎರಡು, ಮೂರು, ಮೂರು ಎಂಬ ಹಿಡಿತ ಸಿದ್ಧವಾಗುತ್ತದೆ (ಇವು ಜಿ ತಂತಿಯಿಂದ ಎ ತಂತಿಯವರೆಗೆ ಒತ್ತುವ ಫ್ರೆಟ್ಟುಗಳು, ಸೊನ್ನೆ ಎಂದರೆ ಒತ್ತದ ತಂತಿ). ಇದೇ ಹಿಡಿತ ಸಿ ಸಸ್2 ಕೂಡ ಹೌದು, ಏಕೆಂದರೆ ಎರಡರಲ್ಲಿಯೂ ಇರುವುದು ಜಿ, ಸಿ, ಡಿ ಎಂಬ ಮೂರೇ ಸ್ವರಗಳು. ಗ್ರಹಭೇದವನ್ನು, ಅಂದರೆ ಷಡ್ಜವನ್ನು ಬೇರೆ ಸ್ವರಕ್ಕೆ ಸರಿಸುವುದನ್ನು, ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ, ಷಡ್ಜ ಸರಿದಾಗ ಮಧ್ಯಮವೇ ಷಡ್ಜವಾಗುತ್ತದೆ, ಪಂಚಮ ರಿಷಭವಾಗುತ್ತದೆ. ಯುಕುಲೇಲೆಯ ಜಿ ತಂತಿ ಸಾಮಾನ್ಯವಾಗಿ ಸಿ ಮತ್ತು ಇ ತಂತಿಗಳಿಗಿಂತ ಎತ್ತರದ ಸ್ಥಾಯಿಯಲ್ಲಿರುತ್ತದೆ. ವೀಣೆಯ ಮಂದ್ರದಂತೆ ಆಧಾರ ಸ್ವರವನ್ನು ಕೆಳಗಿನಿಂದ ಸಾರುವ ತಂತಿ ಇಲ್ಲಿಲ್ಲ. ಆದ್ದರಿಂದ ಮೊಬೈಲಿನ ತಂಬೂರಿಯನ್ನು ಮೊದಲು ಒಂದು ಮನೆ ಶ್ರುತಿಗೆ, ಅಂದರೆ ಸಿಗೆ, ಬಳಿಕ ಐದು ಮನೆಗೆ, ಅಂದರೆ ಜಿಗೆ, ಇಟ್ಟು ಅದೇ ಹಿಡಿತವನ್ನು ನುಡಿಸಿದೆ. ಸಿ ಶ್ರುತಿಯಲ್ಲಿ ಅದು ನೆಮ್ಮದಿಯಿಂದ ನಿಂತಿತು. ಜಿ ಶ್ರುತಿಯಲ್ಲಿ ಕಿರುಬೆರಳನ್ನು ಎತ್ತುವವರೆಗೂ ಮನಸ್ಸು ಕಾಯುತ್ತಿತ್ತು.

ಹೀಗೆ ಕೇಳಿಸಿಕೊಂಡ ನಂತರವೇ ಎರಡು, ಎರಡು, ಸೊನ್ನೆ, ಸೊನ್ನೆ ಎಂಬ ಹಿಡಿತಕ್ಕೆ ಹೋದೆ. ಅದು ಎ ಮೇಜರ್‌ನ ಪಕ್ಕದಲ್ಲಿ ಎ ಸಸ್4, ಡಿ ಮೇಜರ್‌ನ ಪಕ್ಕದಲ್ಲಿ ಡಿ ಸಸ್2.