ಮೀನು ಬಿಡುವ ಮುನ್ನ: ತಾರಸಿಯ ಅಕ್ವಾಪೋನಿಕ್ಸ್ ತೊಟ್ಟಿಯನ್ನು ಸೈಕ್ಲಿಂಗ್ ಮಾಡಿದ ನನ್ನ ಅನುಭವ

ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಒಂದು ಮೀನಿನ ತೊಟ್ಟಿ, ಜಲ್ಲಿ ತುಂಬಿದ ಎರಡು ಗಿಡದ ತೊಟ್ಟಿಗಳು ಮತ್ತು ಅವುಗಳ ನಡುವೆ ನೀರನ್ನು ಸುತ್ತಿಸುವ ಒಂದು ಸಣ್ಣ ಪಂಪು ಇವೆ. ಮೀನಿನ ತ್ಯಾಜ್ಯವೇ ಗಿಡಕ್ಕೆ ಗೊಬ್ಬರವಾಗುವಂತೆ ಎರಡನ್ನೂ ಒಂದೇ ನೀರಿನಲ್ಲಿ ಬೆಳೆಸುವ ಈ ಪದ್ಧತಿಯೇ ಅಕ್ವಾಪೋನಿಕ್ಸ್. ಆ ತ್ಯಾಜ್ಯವನ್ನು ಗೊಬ್ಬರವಾಗಿಸುವ ಬ್ಯಾಕ್ಟೀರಿಯಾಗಳನ್ನು ಹೊಸ ತೊಟ್ಟಿಯಲ್ಲಿ ಬೆಳೆಸಿಕೊಳ್ಳುವುದಕ್ಕೆ ಸೈಕ್ಲಿಂಗ್ ಎನ್ನುತ್ತಾರೆ. ಎಲ್ಲ ಸೇರಿ ಹಿಡಿಯುವ ನೀರು 500 ಲೀಟರ್. ಈ ಅಂಕಿಯನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ: ಮುಂದೆ ಬರುವ ಪ್ರತಿಯೊಂದು ಅಳತೆಯೂ ನೀರಿನ ಒಟ್ಟು ಪ್ರಮಾಣದ ಮೇಲೆ ನಿಂತಿದೆ. ಹೀಗಾಗಿ ತೊಟ್ಟಿಯ ಮೇಲೆ ಬರೆದ ಸಾಮರ್ಥ್ಯವನ್ನು ನಂಬದೆ, ಗುರುತು ಹಾಕಿದ ಬಕೆಟ್ಟಿನಿಂದ ಎಣಿಸಿ ಎಣಿಸಿ ತುಂಬಿದೆ.

ಮೀನು ತಿಂದ ಆಹಾರದ ಸಾರಜನಕದ ಬಹುಪಾಲು ಕಿವಿರುಗಳ ಮೂಲಕ ಅಮೋನಿಯಾ ಆಗಿ ನೀರಿಗೆ ಸೇರುತ್ತದೆ. ಅದು ಮೀನಿಗೆ ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡಿದಾಗ ಮಾತ್ರ ಮೀನು ಸಹಿಸುವ, ಗಿಡ ಬಯಸುವ ಗೊಬ್ಬರ ಸಿಗುತ್ತದೆ. ಈ ಎರಡು ಹಂತಗಳನ್ನು ಎರಡು ಬೇರೆ ಬಗೆಯ ಜೀವಿಗಳು ನಡೆಸುತ್ತವೆ ಎಂಬುದನ್ನು ರಷ್ಯಾದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೇ ತೋರಿಸಿಕೊಟ್ಟಿದ್ದರು. ಎರಡನೆಯ ಗುಂಪಿಗೆ ಬೇಕಾದ ಆಹಾರವನ್ನು ಮೊದಲನೆಯ ಗುಂಪೇ ತಯಾರಿಸಿಕೊಡಬೇಕು. ಹಾಗಾಗಿ ಹೊಸ ತೊಟ್ಟಿಯಲ್ಲಿ ಮೊದಲು ಅಮೋನಿಯಾ ಏರುತ್ತದೆ, ಅದು ಇಳಿಯತೊಡಗಿದಾಗ ನೈಟ್ರೈಟ್ ಏರುತ್ತದೆ, ಅದೂ ಇಳಿದ ಮೇಲೆಯೇ ನೀರು ಮೀನಿಗೆ ಯೋಗ್ಯವಾಗುತ್ತದೆ. ಈ ಬ್ಯಾಕ್ಟೀರಿಯಾಗಳು ಬಹಳ ನಿಧಾನವಾಗಿ ಬೆಳೆಯುತ್ತವೆ. ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಯೊಳಗೆ ಇಮ್ಮಡಿಯಾದರೆ, ಇವಕ್ಕೆ ಅನುಕೂಲ ಪರಿಸ್ಥಿತಿಯಲ್ಲೂ ಹಲವು ಗಂಟೆಗಳಿಂದ ಒಂದು ದಿನದವರೆಗೆ ಬೇಕು.

ಅಲಂಕಾರಿಕ ಮೀನಿನ ಅಂಗಡಿಯವರು, "ಒಂದೆರಡು ಮೀನು ಬಿಟ್ಟು ನೋಡಿ ಸಾರ್, ತಾನಾಗಿಯೇ ಸರಿಹೋಗುತ್ತೆ," ಎಂದಿದ್ದರು. ಹಾಗೆ ಮಾಡುವವರು ಬಹಳ ಮಂದಿ ಇದ್ದಾರೆ, ತೊಟ್ಟಿ ಸರಿಹೋಗುವುದೂ ನಿಜ. ಆದರೆ ಆ ವಾರಗಳಲ್ಲಿ ಅಮೋನಿಯಾ ಮೀನಿನ ಕಿವಿರನ್ನು ಸುಡುತ್ತದೆ, ನೈಟ್ರೈಟ್ ಅದರ ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನೇ ಕಸಿಯುತ್ತದೆ. ರಕ್ತ ಕಂದು ಬಣ್ಣಕ್ಕೆ ತಿರುಗಿ, ನೀರಿನಲ್ಲಿ ಗಾಳಿ ಸಾಕಷ್ಟಿದ್ದರೂ ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ. ನಾವೇ ಸಾಕಿ ಉಣ್ಣಿಸಬೇಕೆಂದಿರುವ ಜೀವಿಯನ್ನು ಹೀಗೆ ಪರೀಕ್ಷೆಗೆ ಒಡ್ಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಮೀನಿಲ್ಲದೆ, ಅಮೋನಿಯಾವನ್ನು ಅಳೆದು ಹಾಕುವ ವಿಧಾನವನ್ನು ಆರಿಸಿಕೊಂಡೆ.

ಬ್ಯಾಕ್ಟೀರಿಯಾಗಳು ನೆಲೆಸುವುದು ಮುಖ್ಯವಾಗಿ ಜಲ್ಲಿಯ ಮೈಮೇಲೆ. ನಮ್ಮ ಕಡೆ ಸಿಗುವ 20 ಮಿಲಿಮೀಟರ್ ಜಲ್ಲಿ ಗ್ರಾನೈಟ್ ಕಲ್ಲಿನದು. ಅದು ನೀರಿನ ಗುಣವನ್ನು ಬದಲಿಸುವುದಿಲ್ಲ. ಆದರೂ ಒಂದು ಹಿಡಿ ಜಲ್ಲಿಯ ಮೇಲೆ ವಿನೆಗರ್ ಸುರಿದು, ನೊರೆ ಏಳುವುದಿಲ್ಲ ಎಂದು ಖಚಿತಪಡಿಸಿಕೊಂಡೆ. ಕಲಬುರಗಿಯ ಕಡೆಯವರು ಈ ಪರೀಕ್ಷೆಯನ್ನು ಬಿಡಲೇಬಾರದು; ಶಹಾಬಾದ್ ಕಲ್ಲು ಸುಣ್ಣದ ಕಲ್ಲಾದ್ದರಿಂದ ಅದು ಪಿಎಚ್ ಅನ್ನು, ಅಂದರೆ ನೀರಿನ ಆಮ್ಲ-ಕ್ಷಾರ ಗುಣದ ಅಳತೆಯನ್ನು, ಮೇಲೆಯೇ ಹಿಡಿದಿಡುತ್ತದೆ. ಜಲ್ಲಿಯನ್ನು ಬಾಣಲಿಯಲ್ಲಿ ಹಾಕಿ, ಬೂದು ಬಣ್ಣದ ಕಲ್ಲುಪುಡಿ ಹೋಗಿ ನೀರು ತಿಳಿಯಾಗುವವರೆಗೆ ತೊಳೆದೆ. ಆ ಪುಡಿ ಉಳಿದರೆ, ಗಿಡದ ತೊಟ್ಟಿ ತುಂಬಿದಾಗ ನೀರನ್ನು ತಾನಾಗಿಯೇ ಹೊರಹರಿಸುವ ಬೆಲ್ ಸೈಫನ್ನಿನ ತಳದಲ್ಲಿ ಕೆಸರಾಗಿ ಕೂರುತ್ತದೆ.

ನೀರು ಕಾವೇರಿಯದು, ಅಂದರೆ ಕ್ಲೋರಿನ್ ಹಾಕಿ ಬಂದದ್ದು. ಬ್ಯಾಕ್ಟೀರಿಯಾ ಬೆಳೆಸಬೇಕಾದ ನೀರಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರಿನ್ ಇರಬಾರದಲ್ಲ! ಏರ್ ಪಂಪ್ ಹಾಕಿ ಒಂದು ದಿನ ಪೂರ್ತಿ ಗಾಳಿಯಾಡಿಸಿ, ಪರೀಕ್ಷೆಯ ಪಟ್ಟಿಯಲ್ಲಿ ಕ್ಲೋರಿನ್ ಸೊನ್ನೆ ತೋರಿಸಿದ ಮೇಲೆ ಮುಂದುವರಿದೆ. ತೊಟ್ಟಿಗೆ ಮುಚ್ಚಳ ಹಾಕಿ, ಮೇಲೆ ನೆರಳು ಬಲೆ ಕಟ್ಟಿದೆ. ಬಿಸಿಲು ಬಿದ್ದರೆ ಪಾಚಿ ಬೆಳೆಯುತ್ತದೆ. ಬೆಳಕು ಈ ಬ್ಯಾಕ್ಟೀರಿಯಾಗಳಿಗೂ ಹಿತವಲ್ಲ. ಶಿವರಾತ್ರಿ ಕಳೆದು ಚಳಿ ಬಿಟ್ಟ ಮೇಲೆ ಆರಂಭಿಸಿದ್ದರಿಂದ ನೀರಿನ ಉಷ್ಣತೆ 25 ಡಿಗ್ರಿಗಿಂತ ಮೇಲೇ ಇತ್ತು. 25ರಿಂದ 30 ಡಿಗ್ರಿಯೊಳಗೆ ಅವು ಚೆನ್ನಾಗಿ ಬೆಳೆಯುತ್ತವೆ.

ಅಮೋನಿಯಾವನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಹೆಚ್ಚಿನವರ ಮೊದಲ ಉತ್ತರ ಯೂರಿಯಾ. ಇಲ್ಲಿ ನಮ್ಮ ದೇಶದವರು ತಿಳಿದಿರಬೇಕಾದ ಸಂಗತಿಯೊಂದಿದೆ. ಇಲ್ಲಿ ತಯಾರಾಗುವ ಕೃಷಿ ಯೂರಿಯಾಕ್ಕೆಲ್ಲ 2015ರಿಂದ ಬೇವಿನ ಎಣ್ಣೆಯ ಲೇಪನ ಕಡ್ಡಾಯ. ಮಣ್ಣಿನಲ್ಲಿ ಅಮೋನಿಯಾ ಬೇಗನೆ ನೈಟ್ರೇಟ್ ಆಗಿ ತೊಳೆದುಹೋಗದಿರಲಿ ಎಂಬುದು ಆ ಲೇಪನದ ಉದ್ದೇಶಗಳಲ್ಲಿ ಒಂದು. ಎಂದರೆ ನಾವು ತೊಟ್ಟಿಯಲ್ಲಿ ಯಾವ ಕ್ರಿಯೆಯನ್ನು ಬೆಳೆಸಲು ಹೊರಟಿದ್ದೇವೆಯೋ ಅದನ್ನೇ ತಡೆಯುವುದು ಅದರ ಕೆಲಸ. ಹೊಲಕ್ಕೆ ಒಳ್ಳೆಯದಾದ ಈ ಗುಣ ತೊಟ್ಟಿಗೆ ಕೆಟ್ಟದ್ದು. ಬೇವಿನ ಎಣ್ಣೆ ಮೀನಿಗೂ ಒಳ್ಳೆಯದಲ್ಲ. ಮೀನಿನ ಆಹಾರವನ್ನು ಕೊಳೆಸಿ ಅಮೋನಿಯಾ ಪಡೆಯಬಹುದಾದರೂ ಎಷ್ಟು ಬಂತೆಂಬ ಲೆಕ್ಕ ಸಿಗುವುದಿಲ್ಲ. ನಾನು ಬಳಸಿದ್ದು ಪ್ರಯೋಗಾಲಯದ ದರ್ಜೆಯ ಅಮೋನಿಯಂ ಕ್ಲೋರೈಡ್, ಅಂದರೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರದ ಶುದ್ಧ ರೂಪ. ಕಲಾಯಿಯ ನವಸಾಗರದಲ್ಲಿ ಇನ್ನೇನು ಬೆರೆತಿದೆಯೋ ತಿಳಿಯದ ಕಾರಣ ಅದನ್ನು ಬಳಸಬೇಡಿ. ಅಮೋನಿಯಂ ಕ್ಲೋರೈಡಿನ ತೂಕದ ಮೂರನೆಯ ಒಂದು ಭಾಗಕ್ಕೆ ತುಸು ಕಡಿಮೆ ಅಮೋನಿಯಾ ಇರುವುದರಿಂದ, 500 ಲೀಟರ್ ನೀರಿಗೆ 3 ಗ್ರಾಂ ಹಾಕಿದರೆ ಲೀಟರಿಗೆ ಹೆಚ್ಚುಕಡಿಮೆ 2 ಮಿಲಿಗ್ರಾಂ ಅಮೋನಿಯಾ ಆಗುತ್ತದೆ. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಇದಕ್ಕೆ ಸಾಕು.

ಹಾಲಿಗೆ ಹೆಪ್ಪು ಹಾಕಿದಂತೆ, ಬ್ಯಾಕ್ಟೀರಿಯಾಕ್ಕೂ ಬೀಜ ಸಿಕ್ಕರೆ ಕೆಲಸ ಬೇಗ ಆಗುತ್ತದೆ. ರೋಗವಿಲ್ಲದ ಮೀನುಗಳಿದ್ದ ಸ್ನೇಹಿತರ ಹಳೆಯ ಅಕ್ವೇರಿಯಂನಿಂದ ಫಿಲ್ಟರಿನ ಸ್ಪಾಂಜನ್ನು ಅದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ತಂದು, ನಮ್ಮ ತೊಟ್ಟಿಯಲ್ಲಿ ಹಿಂಡಿದೆ. ಬಂದ ಕಂದು ರಾಡಿಯೇ ಬೀಜ. ಆ ಸ್ಪಾಂಜನ್ನು ನಲ್ಲಿ ನೀರಿನಲ್ಲಿ ತೊಳೆದರೂ, ದಾರಿಯಲ್ಲಿ ಒಣಗಲು ಬಿಟ್ಟರೂ ಅದರಿಂದ ಪ್ರಯೋಜನವಿಲ್ಲ. ಕೆರೆಯ ಕೆಸರನ್ನು ತಂದು ಹಾಕುವ ಸಲಹೆಯೂ ಬಂದಿತ್ತು. ನಗರದ ಕೆರೆಗಳ ಸ್ಥಿತಿಯನ್ನು ನೋಡಿ ಅದನ್ನು ಬಿಟ್ಟೆ. ಬ್ಯಾಕ್ಟೀರಿಯಾಗಳಿಗೆ ರಂಜಕವೂ ಬೇಕಾದ್ದರಿಂದ ಒಂದು ಚಿಟಿಕೆ ಮೀನಿನ ಆಹಾರದ ಪುಡಿಯನ್ನೂ ಸೇರಿಸಿದೆ.

ಆಮೇಲೆ ದಿನವೂ ಬೆಳಗ್ಗೆ ಪರೀಕ್ಷೆ. ಹನಿ ಹಾಕುವ ದ್ರವದ ಕಿಟ್ ಪಟ್ಟಿಗಳಿಗಿಂತ ನಂಬಿಕೆಗೆ ಅರ್ಹ. ಗಾಜಿನ ನಳಿಕೆಯಲ್ಲಿ ಅಮೋನಿಯಾ ಇಲ್ಲದ ನೀರು ಹಳದಿಯಾಗಿರುತ್ತದೆ, ಇದ್ದಷ್ಟೂ ಹಸಿರಾಗುತ್ತದೆ. ನೈಟ್ರೈಟಿನದು ತಿಳಿ ನೀಲಿಯಿಂದ ನೇರಳೆಗೆ ಹೋಗುತ್ತದೆ. ಬಣ್ಣವನ್ನು ಯಾವಾಗಲೂ ಬಿಳಿ ಕಾಗದದ ಮುಂದೆ, ಹಗಲಿನ ಬೆಳಕಿನಲ್ಲಿ ಹೋಲಿಸಬೇಕು. ನೈಟ್ರೇಟಿನ ಎರಡನೆಯ ಬಾಟಲಿಯನ್ನು ಚೆನ್ನಾಗಿ ಕುಲುಕದಿದ್ದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಕೊಳವೆಬಾವಿಯ ನೀರು ಬಳಸುವವರು ಮೂಲ ನೀರನ್ನೇ ಮೊದಲು ಪರೀಕ್ಷಿಸಲಿ; ನಮ್ಮ ನಗರದ ಎಷ್ಟೋ ಬಾವಿಗಳಲ್ಲಿ ನೈಟ್ರೇಟ್ ಮೊದಲೇ ಇರುತ್ತದೆ, ಅದನ್ನು ತೊಟ್ಟಿಯ ಸಾಧನೆ ಎಂದು ತಿಳಿಯಬಾರದು.

ಮೊದಲ ವಾರ ಏನೂ ಆಗದಂತೆ ಕಾಣುತ್ತದೆ. ನಂತರ ಹಸಿರು ತಿಳಿಯಾಗತೊಡಗಿ, ನೈಟ್ರೈಟಿನ ನಳಿಕೆ ನೇರಳೆಗೆ ತಿರುಗಿತು. ಇಲ್ಲಿ ಲೆಕ್ಕವೊಂದನ್ನು ಗಮನಿಸಬೇಕು: 2 ಮಿಲಿಗ್ರಾಂ ಅಮೋನಿಯಾದಿಂದ ತೂಕದಲ್ಲಿ 5 ಮಿಲಿಗ್ರಾಂಗೂ ಹೆಚ್ಚು ನೈಟ್ರೈಟ್ ಹುಟ್ಟುತ್ತದೆ, ಕಿಟ್ಟಿನ ಬಣ್ಣದ ಪಟ್ಟಿ ಸಾಮಾನ್ಯವಾಗಿ 5ಕ್ಕೇ ಮುಗಿಯುತ್ತದೆ. ಆದ್ದರಿಂದ ಒಂದು ಪಾಲು ತೊಟ್ಟಿಯ ನೀರಿಗೆ ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಅಳೆದು, ಬಂದ ಅಂಕಿಯನ್ನು ಐದರಿಂದ ಗುಣಿಸುತ್ತಿದ್ದೆ. ನೈಟ್ರೈಟ್ ಅತಿಯಾದಾಗ ಅಮೋನಿಯಾದ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದೆ. ಎರಡನೆಯ ಗುಂಪು ಬೆಳೆದುಕೊಳ್ಳಲು ಬಿಡುವು ಬೇಕು.

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಕಾಳಜಿಯಿಂದ ನೋಡಿಕೊಂಡದ್ದು ಕ್ಷಾರತೆಯನ್ನು, ಅಂದರೆ ಆಮ್ಲವನ್ನು ತಟಸ್ಥಗೊಳಿಸಿ ಪಿಎಚ್ ಬೀಳದಂತೆ ತಡೆಯುವ ನೀರಿನ ಶಕ್ತಿಯನ್ನು. ಅಮೋನಿಯಾದಲ್ಲಿರುವ ಒಂದು ಮಿಲಿಗ್ರಾಂ ಸಾರಜನಕ ನೈಟ್ರೇಟ್ ಆಗುವಾಗ ಸುಮಾರು 7 ಮಿಲಿಗ್ರಾಂ ಕ್ಷಾರತೆ ಖರ್ಚಾಗುತ್ತದೆ. ದಿನಕ್ಕೆ 2 ಮಿಲಿಗ್ರಾಂನಂತೆ ಅಮೋನಿಯಾ ಉಣಿಸಿದರೆ ಲೀಟರಿಗೆ ದಿನವೂ 12 ಮಿಲಿಗ್ರಾಂನಷ್ಟು ಕ್ಷಾರತೆ ಕರಗುತ್ತದೆ. ಕ್ಷಾರತೆ 80 ಇರುವ ನೀರಾದರೆ ಒಂದೇ ವಾರದಲ್ಲಿ ಬರಿದಾಗಿ, ಪಿಎಚ್ ಧುತ್ತೆಂದು 6ಕ್ಕಿಂತ ಕೆಳಗೆ ಬಿದ್ದು, ಬ್ಯಾಕ್ಟೀರಿಯಾಗಳು ಕೆಲಸ ನಿಲ್ಲಿಸುತ್ತವೆ. ಸೈಕ್ಲಿಂಗ್ ಅರ್ಧಕ್ಕೇ ನಿಂತಿತೆಂದು ದೂರುವ ಅನೇಕರ ಸಮಸ್ಯೆ ಇದೇ ಎಂಬುದು ನನ್ನ ದೃಢ ಅಭಿಪ್ರಾಯ. ಕಾವೇರಿ ನೀರಿಗೂ ಮಳೆನೀರಿಗೂ ಇದು ಮುಖ್ಯ; ಗಡಸು ಕೊಳವೆಬಾವಿಯ ನೀರಿನವರಿಗೆ ಈ ಚಿಂತೆ ಕಡಿಮೆ. ಆದರೆ ಅವರಿಗೆ ಬೇರೊಂದು ಅಪಾಯವಿದೆ: 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದ ಶೇ. 0.6ರಷ್ಟು ಮಾತ್ರ ವಿಷಕಾರಿ ರೂಪದಲ್ಲಿದ್ದರೆ, ಪಿಎಚ್ 8ರಲ್ಲಿ ಅದು ಶೇ. 5ನ್ನು ದಾಟುತ್ತದೆ. ಕ್ಷಾರತೆ ಇಳಿದಾಗಲೆಲ್ಲ ನಾನು 40 ಗ್ರಾಂ ಪೊಟ್ಯಾಸಿಯಂ ಬೈಕಾರ್ಬೊನೇಟನ್ನು ಒಂದು ಬಕೆಟ್ ನೀರಿನಲ್ಲಿ ಕರಗಿಸಿ ನಿಧಾನವಾಗಿ ಸುರಿಯುತ್ತಿದ್ದೆ. ಅದರಿಂದ 500 ಲೀಟರಿನಲ್ಲಿ ಕ್ಷಾರತೆ ಲೀಟರಿಗೆ 40 ಮಿಲಿಗ್ರಾಂ ಏರುತ್ತದೆ. ಅಡಿಗೆ ಸೋಡಾ ಅಗ್ಗವಾದರೂ ಅದರ ಸೋಡಿಯಂ ಗಿಡಗಳಿಗೆ ಬೇಡದ್ದು; ಪೊಟ್ಯಾಸಿಯಂ ಆದರೆ ಗಿಡಕ್ಕೆ ಆಹಾರವೇ ಆಗುತ್ತದೆ.

ಈ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕವೂ ಧಾರಾಳವಾಗಿ ಬೇಕು. ಕರೆಂಟ್ ಹೋದಾಗ ಏರ್ ಪಂಪ್ ನಡೆಯಲೆಂದು ಅದರ ತಂತಿಯನ್ನು ಮನೆಯ ಇನ್ವರ್ಟರ್‌ಗೆ ಮೊದಲೇ ಜೋಡಿಸಿದ್ದೆ. ನೈಟ್ರೇಟ್ ಕಾಣಿಸಿಕೊಂಡ ಮೇಲೆ ಬಸಳೆ ಮತ್ತು ಪುದೀನದ ಕಡ್ಡಿಗಳನ್ನು ಜಲ್ಲಿಯಲ್ಲಿ ನೆಟ್ಟೆ. ಬೇರು ಬೇಗ ಬಂತು. ಹೊಸ ಎಲೆಗಳಲ್ಲಿ ನರ ಹಸಿರಾಗಿದ್ದು ನಡುವೆ ಹಳದಿ ಕಂಡಾಗ, ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣ ಬರುವಂತೆ ಚಿಲೇಟೆಡ್ ಐರನ್, ಅಂದರೆ ನೀರಿನಲ್ಲಿ ಕರಗಿಯೇ ಉಳಿದು ಗಿಡಕ್ಕೆ ಸಿಗುವ ಕಬ್ಬಿಣ, ಕೊಟ್ಟೆ.

ಬೆಳಗ್ಗೆ 3 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿದರೆ ಮರುದಿನ ಅದೇ ಹೊತ್ತಿಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗಿರುವುದೇ ನಾನು ಇಟ್ಟುಕೊಂಡ ಮಾನದಂಡ. ಆ ಹಂತಕ್ಕೆ ಬರಲು ಐದಾರು ವಾರ ಹಿಡಿಯಿತು. ಒಮ್ಮೆ ಸೊನ್ನೆ ಬಂದರೆ ಸಾಲದೆಂದು ಸತತವಾಗಿ ಕೆಲವು ದಿನ ನೋಡಿದೆ. ಅಷ್ಟರಲ್ಲಿ ಮೇಲ್ಪದರದ ಜಲ್ಲಿಯನ್ನು ಸರಿಸಿ ಮುಟ್ಟಿದರೆ ಒಳಗಿನ ಕಲ್ಲುಗಳು ತುಸು ಜಾರುತ್ತಿದ್ದವು, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತಿತ್ತು. ಕೊಳೆತ ವಾಸನೆ ಬಂದಿದ್ದರೆ ಒಳಗೆಲ್ಲೋ ಗಾಳಿಯಾಡುತ್ತಿಲ್ಲ ಎಂದರ್ಥ.

ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧವಿದೆ, ಟಿಲಾಪಿಯಾಕ್ಕೆ ಅನುಮತಿ ಬೇಕು. ಹಾಗಾಗಿ ಸಾಮಾನ್ಯ ಗೆಂಡೆಯ ಮರಿಗಳನ್ನು ಆರಿಸಿದೆ. ಮರಿಗಳು ಬರುವ ಹಿಂದಿನ ದಿನದವರೆಗೂ ಅಮೋನಿಯಾ ಉಣಿಸುವುದನ್ನು ನಿಲ್ಲಿಸಲಿಲ್ಲ, ಏಕೆಂದರೆ ನಿಲ್ಲಿಸಿದರೆ ಬ್ಯಾಕ್ಟೀರಿಯಾಗಳು ಹಸಿದು ಸೊರಗುತ್ತವೆ. ಬಿಟ್ಟ ಮೊದಲ ದಿನ ಆಹಾರ ಕೊಡದೆ, ನಂತರ ಐದು ನಿಮಿಷದೊಳಗೆ ತಿಂದು ಮುಗಿಸುವಷ್ಟನ್ನೇ ಕೊಡುತ್ತ ನಿಧಾನವಾಗಿ ಹೆಚ್ಚಿಸಿದೆ. ಮೊದಲ ತಿಂಗಳು ಪರೀಕ್ಷೆಯನ್ನು ಮುಂದುವರಿಸಿ, ಅಮೋನಿಯಾ ಅಥವಾ ನೈಟ್ರೈಟ್ ಲೀಟರಿಗೆ 0.5 ಮಿಲಿಗ್ರಾಂಗೆ ಬಂದರೆ ಆ ದಿನ ಆಹಾರ ನಿಲ್ಲಿಸಿ, ಕ್ಲೋರಿನ್ ಹೋಗಲಾಡಿಸಿದ ನೀರಿನಿಂದ ಕಾಲು ಭಾಗವನ್ನು ಬದಲಿಸಬೇಕೆಂದು ತೀರ್ಮಾನಿಸಿ, ಅದಕ್ಕಾಗಿ ಒಂದು ಡ್ರಮ್ ನೀರನ್ನು ಗಾಳಿಯಾಡಿಸಿ ಸದಾ ಸಿದ್ಧವಾಗಿ ಇಟ್ಟುಕೊಂಡಿದ್ದೆ.