ಹೋಂಸ್ಟೇಯ ಕಸ, ಕೊಳಚೆ ಕಾಡಿಗೆ ಹೋಗದಂತೆ ನೋಡಿಕೊಂಡಿದ್ದು

ಮಲೆನಾಡಿನಲ್ಲಿ ಮಂಗ ಸತ್ತು ಬಿದ್ದರೆ ಎಲ್ಲರಿಗೂ ಎದೆ ಝಲ್ಲೆನ್ನುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಭಯ ಅದು. ನಮ್ಮಿಂದ ಮಂಗಗಳಿಗೆ ಏನು ತಗುಲೀತು ಅಂತ ಕೇಳುವವರು ಕಮ್ಮಿ. ಕಾಡಂಚಿನಲ್ಲಿ ಹೋಂಸ್ಟೇ ನಡೆಸುವ ನಾನಂತೂ ಕೇಳಲೇಬೇಕಿತ್ತು.

2009ರಲ್ಲಿ ರುವಾಂಡಾದ ಗೊರಿಲ್ಲಾಗಳಿಗೆ ಮನುಷ್ಯರ ಉಸಿರಾಟದ ವೈರಸ್ ತಗುಲಿ ಎರಡು ಸತ್ತವು. ಕೋವಿಡ್ ಕಾಲದಲ್ಲಿ ಅಮೆರಿಕದ ಅಯೋವಾದಲ್ಲಿ ಪರೀಕ್ಷಿಸಿದ 283 ಜಿಂಕೆಗಳಲ್ಲಿ 94ರಲ್ಲಿ ಆ ವೈರಸ್ ಸಿಕ್ಕಿತು. ಅವುಗಳಿಗೆ ಹೇಗೆ ತಗುಲಿತು ಅನ್ನೋದು ಇನ್ನೂ ಇತ್ಯರ್ಥವಾಗಿಲ್ಲ. ಕೊಳಚೆ ನೀರು, ಎಸೆದ ತಿಂಡಿಯ ಮೇಲೂ ವಿಜ್ಞಾನಿಗಳಿಗೆ ಅನುಮಾನ ಇದೆ. ನನಗೆ ಅಷ್ಟು ಸಾಕಾಯಿತು.

ಮೊದಲು ಕಸ. ನಮ್ಮಲ್ಲಿ ಮಂಗಗಳು ಪ್ಲಾಸ್ಟಿಕ್ ಡಬ್ಬಿ ಉರುಳಿಸಿ, ಯಾರೋ ಮೂಗೊರೆಸಿ ಎಸೆದ ಟಿಶ್ಯೂ ತೆಗೆದು ಜಗಿಯುತ್ತವೆ. ಮರಿ ಅದನ್ನೇ ತಾಯಿಯ ಬಾಯಿಂದ ಕಿತ್ತುಕೊಳ್ಳುತ್ತದೆ. ಅದಕ್ಕೇ ಸಿಮೆಂಟ್ ರಿಂಗ್ ಕೂರಿಸಿ, ಮೇಲೆ ಕಬ್ಬಿಣದ ಮುಚ್ಚಳ ಹಾಕಿಸಿದೆ. ಬರೀ ಚಿಲಕ ಸಾಲದು, ಮಂಗ ಎಳೆದುಬಿಡುತ್ತದೆ. ಒತ್ತಿ ತಿರುಗಿಸುವ ಕೊಂಡಿ ಬೇಕು. ಟಿಶ್ಯೂ, ಮಾಸ್ಕ್, ಡೈಪರ್ ಹೊರಗಿಡುವುದೇ ಇಲ್ಲ. ಬಾಗಿಲಿರುವ ಕೋಣೆಯೊಳಗೆ ಬೇರೆ ಡಬ್ಬಿ.

ಕಷ್ಟವಾಗಿದ್ದು ಶೌಚಾಲಯದ ನೀರು. "ಹಳ್ಳಕ್ಕೇ ಪೈಪ್ ಬಿಟ್ರೆ ಖರ್ಚು ಕಮ್ಮಿ ಅಲ್ವಾ ಅಣ್ಣಾ?" ಅಂದರು ಮೇಸ್ತ್ರಿ. ಆ ಹಳ್ಳದ ಬಂಡೆಗಳ ಮೇಲೆ ನೀರುನಾಯಿಯ ಹಿಕ್ಕೆ ಇರುತ್ತದೆ. ಮೀನಿನ ಮುಳ್ಳು, ಏಡಿಯ ಚಿಪ್ಪು ತುಂಬಿದ ಹಿಕ್ಕೆ. ಹೊಟ್ಟೆಗೆ ತಗುಲುವ ನಮ್ಮ ಎಷ್ಟೋ ವೈರಸ್‌ಗಳು ತಣ್ಣನೆಯ ನೀರಲ್ಲಿ ವಾರಗಟ್ಟಲೆ ಉಳಿಯುತ್ತವೆ. ಸೆಪ್ಟಿಕ್ ಟ್ಯಾಂಕ್ ದಾಟಿ ಬಂದ ನೀರಲ್ಲೂ ಅವು ಇರುತ್ತವೆ. ಮಣ್ಣಲ್ಲಿ ನಿಧಾನವಾಗಿ ಇಂಗಿದರೆ ಮಾತ್ರ ಬಹುಪಾಲು ಅಲ್ಲೇ ಹಿಡಿದುಕೊಳ್ಳುತ್ತವೆ. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಇಂಗುಗುಂಡಿಗೇ ಒರತೆ ಬರುತ್ತದಲ್ಲ! ಹಾಗಾಗಿ ಹಳ್ಳದಿಂದ ದೂರ, ಎತ್ತರದ ದಿಬ್ಬದಲ್ಲಿ ಆಳ ಕಮ್ಮಿ ಇರುವ ಗುಂಡಿ ಮಾಡಿಸಿದೆ. ಅದಕ್ಕೂ ಮೊದಲು ಜಲ್ಲಿ ತುಂಬಿದ ತೊಟ್ಟಿ, ಅದರಲ್ಲಿ ಕಾಬಾಳೆ ಗಿಡ. ನೀರು ಮೇಲೇರಿಸಲು ಸಣ್ಣ ಪಂಪ್ ಬೇಕಾಯಿತು. ಖರ್ಚು ಜಾಸ್ತಿಯೇ ಆಯಿತು, ಆದರೂ ಬೇರೆ ದಾರಿ ನನಗೆ ಕಾಣಲಿಲ್ಲ.

ನೆಗಡಿ, ಭೇದಿ ಇರುವ ಅತಿಥಿಗಳನ್ನು ಹಳ್ಳಕ್ಕೆ ಇಳಿಸುವುದಿಲ್ಲ. ಮಂಗಗಳಿಗೆ ಕಚ್ಚಿದ ಹಣ್ಣು ಎಸೆಯಲೂ ಬಿಡುವುದಿಲ್ಲ.

ಟ್ಯಾಂಕ್ ಖಾಲಿ ಮಾಡಿಸುವಾಗ ಗಾಡಿಯವರು ಎಲ್ಲಿ ಸುರಿಯುತ್ತಾರೆ ಅಂತ ದಯವಿಟ್ಟು ಕೇಳಿ. ಘಾಟಿಯ ತಿರುವಿನಲ್ಲಿ ಸುರಿದುಬಿಟ್ಟರೆ ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ. ಸಂಸ್ಕರಣಾ ಘಟಕದ ರಸೀದಿ ಕೈಗೆ ಬಂದ ಮೇಲೆಯೇ ನಾನು ದುಡ್ಡು ಕೊಡುವುದು.